ಬಿಚ್ಚದೆ ಉಳಿದ ಮೂರು ಚೌಕ

ಗಜೇಂದ್ರಗಡ
೨೨ ನವೆಂಬರ್ ೨೦೦೯, ರವಿವಾರ

ಪ್ರೀತಿಯ ಅಮ್ಮಾ,

ಸಲಾಮ್. ಹೇಗಿದ್ದೀ? ಮೊಣಕಾಲ ನೋವು ಇಳಿಯಿತೆ? ನರಗುಂದದಲ್ಲಿ ಈಗ ಬೆಳಗಿನ ಥಂಡಿ ಜೋರಿರಬೇಕು. ಗುಡ್ಡದ ಗಾಳಿ ನೇರ ಇಷ್ರತಳ ಅಂಗಳಕ್ಕೇ ಇಳಿಯುತ್ತದೆ, ಫಜರ್ ನಮಾಜಿಗೆ ಎದ್ದಾಗ ತಲೆಗೆ ಶಾಲು ಸುತ್ತಿಕೊಳ್ಳುವುದನ್ನು ಮರೆಯಬೇಡ. ಇಲ್ಲಿ ನಾವು ಕ್ಷೇಮ. ದೊಡ್ಡ ಮಳೆಗೆ ಕುಸಿದಿದ್ದ ಹಿತ್ತಿಲ ಗೋಡೆಯನ್ನು ಕಟ್ಟಿ ಮುಗಿಸಿದ್ದಾರೆ. ಅಬ್ಬಾ ಆರಾಮ ಇದ್ದಾರೆ, ಆದರೆ ಹಾಗೆಂದು ಒಪ್ಪಿಕೊಳ್ಳುವುದಿಲ್ಲ. ನಿನ್ನ ಸೊಸೆ ಸೈರಾ ಚಹಾ ತಂದುಕೊಟ್ಟರೆ ಪೂರ್ತಿ ಕುಡಿದು, ಬಟ್ಟಲು ಕೆಳಗಿಟ್ಟು, "ಚಲೋ ಆಗೇತಿ ಬೇಟಿ, ಆದರ ಚಹಾ ಆಗಿಲ್ಲ" ಅನ್ನುತ್ತಾರೆ. ಅವಳು ನಗುತ್ತಾಳೆ, ನಕ್ಕು ಖಾಲಿ ಬಟ್ಟಲು ಎತ್ತಿಕೊಂಡು ಅಡುಗೆಮನೆಗೆ ಹೋಗುತ್ತಾಳೆ. ಪಕ್ಕದ ಮನೆಯ ಗಾಳೆವ್ವ ಕಟ್ಟೆಗೆ ಬಂದು ಕೂತಾಗಲೆಲ್ಲ ನಿನ್ನ ವಿಚಾರವೇ. "ರಸೂಲಬಿ ಮಗಳ ಮನ್ಯಾಗ ಬೇರ ಬಿಟ್ಟಾಳೇನೋ ಅಯಾಜ? ಎಂಟ ದಿನಾ ಅಂದ ಹೋದಾಕಿ!" ಅನ್ನುತ್ತಾಳೆ. ನಿನ್ನ ಕೌದಿಗೆಂದು ತಂದಿಟ್ಟ ಹಳೆ ಇಳಕಲ್ ಸೀರೆಯನ್ನು ಇನ್ನೂ ಬೇರೆ ಯಾರಿಗೂ ಕೊಟ್ಟಿಲ್ಲವಂತೆ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನು ಇರುವುದು ಗೌಸುಸಾಬ ಭಾವನ ಕಿಸೆಯಲ್ಲಿ, ಭಾವ ಇರುವುದು ಅಡತಿ ಅಂಗಡಿಯ ಕಾಳಿನ ಚೀಲಗಳ ನಡುವೆ. ಸಂಜೆ ಮನೆಗೆ ಬಂದು ನಿನ್ನ ಕೈಗೆ ಕೊಟ್ಟರೆ ನೀನು ಎರಡು ಸಲ "ಹೂಂ" ಅಂದು ಇಷ್ರತಳಿಗೆ ದಾಟಿಸಿಬಿಡುತ್ತೀ. ಪತ್ರವನ್ನು ಹಾಗೆ ಮಧ್ಯದಲ್ಲಿ ದಾಟಿಸಲು ಬರುವುದಿಲ್ಲ. ಕಂಪ್ಯೂಟರಿನಲ್ಲಿ ದಪ್ಪಕ್ಷರದಲ್ಲಿ ಹೊಡೆದು ಕಳಿಸೋಣವೆಂದು ಕೂತೆ. ಅದು ನಿನ್ನ ಕಣ್ಣನ್ನು ಎತ್ತಿ ತೋರಿಸಿದ ಹಾಗಾಗುತ್ತದೆ ಅನಿಸಿ ಕೈಬರಹಕ್ಕೇ ಬಂದೆ. ಇಷ್ರತ ಓದಿ ಹೇಳಲಿ. ಇಷ್ರತ, ಎಲ್ಲವನ್ನೂ ಓದು. ಇಲ್ಲಿ ಬೇಡ, ಅಲ್ಲಿ ಬೇಡ ಎಂದು ನೀನೇ ಆರಿಸಿಕೊಳ್ಳಬೇಡ.

ಕಣ್ಣಿನ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಭಾವ ಕರೆದುಕೊಂಡು ಹೋದ ಡಾಕ್ಟರಿಗೆ ನಾನೇ ಫೋನ್ ಮಾಡಿ ಕೇಳಿದೆ. ಬಲಗಣ್ಣಿನ ಪೊರೆ ಪೂರ್ತಿ ಬಲಿತಿದೆ, ಈ ಚಳಿಗಾಲ ದಾಟಿಸಬೇಡಿ ಅಂದರು. ಇನ್ನೂ ಬಿಟ್ಟರೆ ಒಳಗೆ ಒತ್ತಡ ಏರುತ್ತದೆ, ಆಮೇಲೆ ಪೊರೆ ತೆಗೆದರೂ ಆ ಕಣ್ಣಿಗೆ ಬೆಳಕು ಬರುತ್ತದೆಂದು ಹೇಳಲಾಗದು ಎಂದರು. ನೀನು ಹೆದರುವವಳಲ್ಲ. ಸವಡಿಯ ಹೊಲದಲ್ಲಿ ಚೇಳು ಕಡಿದಾಗ ಕಾಲಿಗೆ ಸೆರಗಿನ ಚೂರು ಕಟ್ಟಿ, ಹಿಡಿದ ಸಾಲಿನ ಕಳೆ ತೆಗೆದು ಮುಗಿಸಿ ಎದ್ದವಳು ನೀನು. ಹಾಗಿದ್ದೂ ದವಾಖಾನಿಗೆ ಬರುವುದಿಲ್ಲ ಎನ್ನುತ್ತಿರುವುದಕ್ಕೆ ಕಾರಣ ಕತ್ತರಿಯ ಭಯವಲ್ಲ. ಅಬ್ಬಾನಿಗೆ ಫೋನಿನಲ್ಲಿ ನೀನು ಅಂದದ್ದು ನನಗೂ ಕೇಳಿಸಿತು. "ಕಣ್ಣಿನ ಪೊರಿ ತಗಿಸಿಕೊಂಡ ನಾ ಮೊದಲ ಏನ ನೋಡ್ಲಿ? ನಾ ಹೊಲಿದ ಸೊಟ್ಟ ಸಾಲ ನೋಡ್ಲಿ? ಮೊದಲ ಆ ಮೂರೂ ಚೌಕ ಬಿಚ್ಚಸ್ರಿ, ಆಮ್ಯಾಲೆ ದವಾಖಾನಿ ಮಾತಾಡೂಣು." ಅತ್ತ ನೀನು ಹೀಗೆ, ಇತ್ತ ಸೈರಾ ಬಿಚ್ಚುವುದಿಲ್ಲ ಎಂದು. ನಡುವೆ ನಿನ್ನ ಕಣ್ಣು ಕಾಯುತ್ತಿದೆ, ಅಮ್ಮಾ.

ಜನವರಿಯಲ್ಲಿ ಇದು ಶುರುವಾದಾಗ ಇಲ್ಲಿಗೆ ಬಂದು ಮುಟ್ಟೀತೆಂದು ಯಾರಿಗೆ ಗೊತ್ತಿತ್ತು? ಮಧ್ಯಾಹ್ನ ನನ್ನ ಇಂಟರ್‌ನೆಟ್ ಸೆಂಟರಿನಲ್ಲಿ ಗಿರಾಕಿಗಳಿಲ್ಲದ ಹೊತ್ತಿಗೆ ಸೈರಾ ಬಂದು ಕಸೂತಿ ನಮೂನೆ ಹುಡುಕುತ್ತಿದ್ದಳು. ಹಾಗೆ ಹುಡುಕುವಾಗಲೇ ಆ ಪುಟ ಸಿಕ್ಕಿದ್ದು. ಯಾವುದೋ ಚಳಿದೇಶದ ಹೆಂಗಸು ತಿಂಗಳಿಗೊಂದು ಚೌಕದ ನಮೂನೆ ಕೊಡುತ್ತಾಳೆ. ಬೇಕಾದವರು ತಮ್ಮ ತಮ್ಮ ಊರಲ್ಲಿ ಕೂತು ಅದನ್ನು ಹೊಲಿದು ಫೋಟೋ ಹಾಕುತ್ತಾರೆ. ಒಬ್ಬರದನ್ನು ಒಬ್ಬರು ನೋಡಿ ಮಾತಾಡುತ್ತಾರೆ. ವರ್ಷದ ಕೊನೆಗೆ ಹನ್ನೆರಡು ಚೌಕ ಸೇರಿಸಿ ಒಂದು ಕ್ವಿಲ್ಟ್ ಮಾಡುತ್ತಾರೆ, ಅಂದರೆ ಅವರ ಕೌದಿ. ಒಂದು ಚೌಕ ಇನ್ನೊಂದರ ಹಾಗಿರುವುದಿಲ್ಲ. ನಾನು ನಿನಗೆ ಇಷ್ಟನ್ನು ವಿವರಿಸುವುದರೊಳಗೆ ನೀನು ತೀರ್ಪು ಕೊಟ್ಟಾಗಿತ್ತು. "ಹನ್ನೆರಡ ನಮೂನಿ ಒಂದರಾಗ? ಅದು ಕೌದಿ ಅಲ್ಲೋ, ಬಳಿಗಾರನ ಪೆಟಗಿ!" ಅವರು ಹೊಸ ಬಟ್ಟೆಯನ್ನೇ ಕತ್ತರಿಸುತ್ತಾರೆಂದು ಕೇಳಿದಾಗಲಂತೂ ನಿನಗೆ ತಡೆಯಲೇ ಆಗಲಿಲ್ಲ. "ಹರಿಲಾರದ ಅರಬಿ ಕತ್ತರಸಿ ಮತ್ತ ಕೂಡಿಸಿ ಹೊಲೀತಾರಾ? ಯಾಕ, ಅವರ ಮನ್ಯಾಗ ಯಾರೂ ಹಳೇ ಲುಂಗಿ ಉಡೂದಿಲ್ಲೇನ?" ಅಂದೆ. ಅಂದರೂ ಪ್ರಿಂಟ್ ತೆಗೆದ ಹಾಳೆಯನ್ನು ಸೈರಾಳ ಕೈಯಿಂದ ಇಸಿದುಕೊಂಡು, ತಲೆಕೆಳಗು ಮಾಡಿ, ಅಡ್ಡ ಮಾಡಿ, ಒಲೆಯ ಮೇಲಿನ ಹಾಲು ಉಕ್ಕುವ ತನಕ ನೋಡಿದವಳೂ ನೀನೇ.

ಮೊದಲ ಚೌಕದಲ್ಲೇ ನೀವಿಬ್ಬರೂ ಮಾಡಿದ ತಪ್ಪು ನೆನಪಿದೆಯೆ? ಅವರ ಪದ್ಧತಿಯಲ್ಲಿ ಮೊದಲು ಬರೀ ಮೇಲಿನ ತುಂಡುಗಳನ್ನು ಕೂಡಿಸಬೇಕು. ಅಡಿಯ ಪದರ, ಅದನ್ನು ಹಿಡಿಯುವ ಹೊಲಿಗೆ, ಎಲ್ಲ ಕಟ್ಟಕಡೆಗೆ. ನಮ್ಮಲ್ಲಿ ಹಾಗೆಲ್ಲಿ? ಸೈರಾ ತುಂಡು ಕತ್ತರಿಸಿ ಅಂಚು ಮಡಚಿ ಕೊಟ್ಟಳು, ನೀನು ಅಡಿಗೆ ಹಳೆ ಸೀರೆಯ ಮೂರು ಪದರ ಹಾಸಿ ಸಾಲುಸಾಲಾಗಿ ಕೈಹೊಲಿಗೆಯ ಟಾಕಿ ಹಾಕುತ್ತಾ ಬಂದೆ. ಬಂದ ಚೌಕ ಒಂದು ಸಣ್ಣ ಕೌದಿಯಷ್ಟೇ ದಪ್ಪ! ಫೋಟೋ ನೋಡಿದ ಗುಂಪಿನವರು, ಇದನ್ನು ಇನ್ನುಳಿದವಕ್ಕೆ ಜೋಡಿಸುವುದು ಹೇಗೆ ಎಂದು ಕೇಳಿದರು. ಬಿಟ್ಟುಬಿಡಿ, ಅವರ ರೀತಿಯಲ್ಲೇ ಮಾಡಲಿ ಎಂದವಳು ನಮೂನೆ ಕೊಡುವ ಆ ಹೆಂಗಸೇ. ಆಮೇಲೆ ಅವರು ಹೆಚ್ಚು ನೋಡಿದ್ದು ತುಂಡುಗಳನ್ನಲ್ಲ, ನಿನ್ನ ಟಾಕಿಗಳನ್ನು. ಅಳತೆಪಟ್ಟಿ ಇಲ್ಲದೆ, ಗೆರೆ ಎಳೆಯದೆ, ಬಿತ್ತನೆಯ ಸಾಲಿನ ಹಾಗೆ ಹೋಗುವುದು ಹೇಗೆಂದು ಕೇಳಿದರು. "ಹೇಳ ಅವರಿಗೆ, ಸೂಜಿ ನೋಡಬಾರದು, ಹೋಗಬೇಕಾದ ಜಾಗಾ ನೋಡಬೇಕು" ಎಂದೆ. ನಾನು ಹಾಗೆಯೇ ಬರೆದೆ. ನಡುವೆ ಚೌಕ, ಸುತ್ತ ಪಟ್ಟಿಗಳು ಬೆಳೆಯುತ್ತ ಹೋಗುವ ನಮೂನೆಗೆ ಅವರಲ್ಲಿ ಮರದ ಮನೆ ಎಂಬ ಹೆಸರಿದೆ. ನೀನು ನೋಡಿದವಳೇ "ಇದು ಮೆಟ್ಟಲಬಾವಿ" ಅಂದೆ. ಈಗಲೂ ಅಲ್ಲಿ ಇಬ್ಬರು ಮೂವರು ಅದನ್ನು ಬಾವಿ ಎಂದೇ ಕರೆಯುತ್ತಾರೆ. ಆ ತಿಂಗಳುಗಳಲ್ಲಿ ನೀವು ಹೊಲಿಯುತ್ತಿದ್ದಿರಿ, ನಾನು ಕಂಬಕ್ಕೊರಗಿ ಬಂಗಾಲಿಯಿಂದ ಬಂದ ಆ ಕಾದಂಬರಿ ಓದುತ್ತಿದ್ದೆ. "ಆ ದೋಣಿಯವನ ಹೆಂಡತಿ ಭಾಳ ಮಾತಾಡ್ತಾಳ, ಹಾಳಿ ತಿರುವು" ಎಂದು ನೀನು ಹೇಳಿದ ಪುಟದಲ್ಲೇ ಗುರುತು ಇಟ್ಟಿದ್ದೇನೆ. ಮುಂದೆ ಓದಿಲ್ಲ.

ಜೂನ್‌ನಿಂದ ಸಾಲುಗಳು ವಾಲತೊಡಗಿದ್ದವು. ನನಗೆ ತಿಳಿಯಲಿಲ್ಲ. ಸೈರಾಳಿಗೆ ತಿಳಿದಿತ್ತು. ಬೆಳಿಗ್ಗೆಯೇ ಸೂಜಿಗಳಿಗೆಲ್ಲ ದಾರ ಪೋಣಿಸಿ ನಿನ್ನ ಕೈಗೆ ಸಿಗುವಲ್ಲಿ ಚುಚ್ಚಿಡುತ್ತಿದ್ದಳು. ನೀನು ಅದನ್ನು ಸೊಸೆಯ ಆಲಸ್ಯ ಎಂದು ಚೇಷ್ಟೆ ಮಾಡುತ್ತಿದ್ದೆ, ಹೊಲಿಯುವ ಕೆಲಸ ಬಿಟ್ಟು ಪೋಣಿಸುವ ಕೆಲಸ ಹಿಡಿದಾಳೆಂದು. ಆಗಸ್ಟಿನ ಚೌಕ ಹಾಕಿದಾಗ ಆ ಗುಂಪಿನ ಒಬ್ಬಳು ಬರೆದಳು. ಎಂದಿನಂತೆ ನೀನು "ಏನಂತಾರ?" ಅಂದೆ. ಎಂದಿನಂತೆ ನಾನು ಇದ್ದದ್ದನ್ನು ಇದ್ದಹಾಗೆ ಕನ್ನಡಿಸಿದೆ. "ಕಳೆದ ಮೂರು ತಿಂಗಳಿಂದ ನಿಮ್ಮ ಅಮ್ಮನ ಸಾಲುಗಳು ಅಂಕುಡೊಂಕಾಗಿ, ಸ್ವತಂತ್ರವಾಗಿ ಓಡಾಡುತ್ತಿವೆ. ನೇರ ಸಾಲುಗಳಿಗಿಂತ ನನಗೆ ಇವೇ ಇಷ್ಟ." ಅನುವಾದದಲ್ಲಿ ಒಂದು ಮಾತು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಅವಳ ಕಡೆಯಿಂದ ಅದು ಹೊಗಳಿಕೆಯೇ. ನೀನು ಮಾತ್ರ ಚೌಕವನ್ನು ಮಡಿಲಿಗೆ ಎಳೆದುಕೊಂಡು ಹೆಬ್ಬೆರಳನ್ನು ಸಾಲಿನ ಮೇಲೆ ನಡೆಸಿದೆ, ಒಂದು ಕೊನೆಯಿಂದ ಇನ್ನೊಂದು ಕೊನೆಗೆ. "ಖರೇನ ಸೊಟ್ಟ ಅದಾವೇನ ಸೈರಾ?" ಅವಳು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಸೊಟ್ಟ ಅದಾವ್ರಿ ಅತ್ತಿ. ಗಟ್ಟಿ ಅದಾವ." ಬಿಚ್ಚು ಎಂದೆ ನೀನು. ಒಲ್ಲೆನ್ರಿ ಎಂದಳು. ಮದುವೆಯಾಗಿ ಬಂದಂದಿನಿಂದ ನಿನಗೆ ಅವಳು ಒಲ್ಲೆ ಅಂದದ್ದು ಅದೊಂದೇ ಸಲವಿರಬೇಕು. ಮೂರೂ ಚೌಕಗಳನ್ನು ಪೆಟ್ಟಿಗೆಗೆ ಹಾಕಿ ಅದರ ಮುಚ್ಚಳದ ಮೇಲೆಯೇ ಕೂತುಬಿಟ್ಟಳು. ಅಬ್ಬಾನಿಗೆ ನಗು, ನನಗೂ ನಗು. ನೀನು ನಗಲಿಲ್ಲ ಎಂಬುದನ್ನು ನಾವು ತಡವಾಗಿ ನೋಡಿದೆವು. ರಂಜಾನ್ ಈದ್ ಮುಗಿದದ್ದೇ ನೀನು ಇಷ್ರತಳಿಗೆ ಹಪ್ಪಳಕ್ಕೆ ಕೈಯಾಸರೆ ಬೇಕೆಂದು ಬಸ್ಸು ಹತ್ತಿದೆ. ಇಷ್ರತ, ಹಪ್ಪಳ ಎಷ್ಟು ಮಾಡಿದಿರೆಂದು ನಾನು ಕೇಳುವುದಿಲ್ಲ.

ನೀನು ಹೋದಮೇಲಿನ ಚೌಕಗಳನ್ನು ಸೈರಾ ಒಬ್ಬಳೇ ಹೊಲಿದಿದ್ದಾಳೆ. ಚೆನ್ನಾಗಿವೆ, ಆದರೆ ಟಾಕಿಗಳು ಅವಳವು. ನೀನು ನೋಡಿದರೆ "ಕೋಳಿ ನಡದಾಡಿದಂಗ" ಅನ್ನುತ್ತೀ. ಗುಂಪಿನವರು ಅಮ್ಮ ಎಲ್ಲಿ ಎಂದು ಕೇಳುತ್ತಲೇ ಇದ್ದರು. ಕೊನೆಗೆ ನಾನೇ ನಿಜ ಬರೆದೆ: ಅದು ಸ್ವಾತಂತ್ರ್ಯವಲ್ಲ, ಪೊರೆ. ಅಂದು ಆ ಹೊಗಳಿಕೆ ಬರೆದವಳು ನೊಂದುಕೊಂಡು ಉತ್ತರ ಬರೆದಿದ್ದಾಳೆ. ತಾನು ಜನ್ಮದಲ್ಲಿ ಅಳತೆಪಟ್ಟಿ ಹಿಡಿಯದೆ ಒಂದು ಸಾಲೂ ಹೊಲಿದಿಲ್ಲವಂತೆ, ನಿನ್ನ ಕ್ಷಮೆ ಕೇಳಿದ್ದಾಳೆ. ಇದನ್ನು ಸಮಾಧಾನಕ್ಕೆಂದು ನಿನಗೆ ತಲುಪಿಸುತ್ತಿಲ್ಲ, ನಿನ್ನ ಹೆಸರಿಗೆ ಬಂದದ್ದು ನಿನಗೆ ಸೇರಬೇಕು, ಅಷ್ಟೆ. ನಿನಗೆ ಸೊಟ್ಟ ಅಂದರೆ ಸೊಟ್ಟವೇ. ಅದು ಚೆಂದ ಎಂದು ನಿನ್ನನ್ನು ಒಪ್ಪಿಸಲು ನನ್ನಿಂದ ಆಗದು, ಯಾಕೆಂದರೆ ನನಗೂ ನಿನ್ನ ನೇರ ಸಾಲೇ ಚೆಂದ. ಎರಡು ವಾರದಿಂದ ನಾನು ಸೈರಾಳ ಬೆನ್ನು ಹತ್ತಿದ್ದೇನೆ, ಬಿಚ್ಚಿಬಿಡು, ಅಮ್ಮ ದವಾಖಾನಿಗಾದರೂ ಹೋಗಲಿ ಎಂದು. ಅವಳು ಒಲ್ಲೆ ಅನ್ನುವುದನ್ನು ಬಿಟ್ಟರೆ ಕಾರಣ ಹೇಳುವುದಿಲ್ಲ. ಹಟ ಎಂದುಕೊಂಡೆ. ನಿನ್ನೆ ಸ್ವಲ್ಪ ಜೋರಾಗಿಯೇ ಮಾತಾಡಿದೆ. ಇವತ್ತು ಅವಳು ನನ್ನೊಂದಿಗೆ ಅನ್ನ ಬಡಿಸುವಷ್ಟು ಮಾತ್ರ ಮಾತಾಡುತ್ತಿದ್ದಾಳೆ.

ಬರುವ ಶನಿವಾರ ಬಕ್ರೀದ್. ನೀನು ಬರದಿದ್ದರೆ ನಾವು ಮೂವರೂ ಅಲ್ಲಿಗೇ ಬರುತ್ತೇವೆ. ಅಬ್ಬಾ ಈಗಲೇ ಬಿಳಿ ಜುಬ್ಬಾ ಇಸ್ತ್ರಿಗೆ ಕೊಟ್ಟಿದ್ದಾರೆ, ಕೇಳಿದರೆ ಈದಿಗೆ ಎನ್ನುತ್ತಾರೆ, ನಿನಗಾಗಿ ಅಲ್ಲವಂತೆ. ಭಾವನಿಗೆ ನನ್ನ ಸಲಾಮು. ಇಷ್ರತಳ ಮಕ್ಕಳ ಗಲ್ಲ ನನ್ನ ಪರವಾಗಿ ಒಮ್ಮೆ ಹಿಂಡು. ದುವಾ ಮಾಡುವಾಗ ಈ ಮನೆಯನ್ನೂ ಸೇರಿಸಿಕೋ, ಸೈರಾಳ ಹೆಸರನ್ನು ಬಿಡಬೇಡ.

ನಿನ್ನ
ಅಯಾಜ

ತಾ.ಕ.: ಅಮ್ಮಾ, ಲಕೋಟೆ ಅಂಟಿಸುವಷ್ಟರಲ್ಲಿ ಸೈರಾ ಬಂದು ಏನು ಬರೆದಿರಿ ಎಂದಳು. ಓದಿದೆ. ಹಟ ಎಂದಲ್ಲಿ ತಡೆದಳು. "ಹಟಾ ಅಲ್ರಿ. ನಾ ಈ ಮನಿಗೆ ಬಂದ ವರ್ಷ, ನಿಮ್ಮ ಅಜ್ಜಿ ಹೊಲಿದ ಹಳೇ ಕೌದಿ ಹರದಾಗ ನಾ ಅದರ ಟಾಕಿ ಬಿಚ್ಚಾಕ ಕತ್ತರಿ ಹಿಡದಿದ್ದೆ. ಅತ್ತಿ ಕೈ ಹಿಡದ ಬಿಡಸಿದ್ರು. ಇನ್ನೊಬ್ಬರ ಟಾಕಿ ಬಿಚ್ಚಬಾರದ ಬೇಟಿ, ಮ್ಯಾಲೆ ಬೇಕಾದ್ರ ಹೊಸಾ ಪದರ ಹಚ್ಚು, ಬಿಚ್ಚೂದಾದ್ರ ಹೊಲಿದಾಕಿನಽ ಬಿಚ್ಚಬೇಕ ಅಂದಿದ್ರು. ಈಗ ಅವರಽ ಹೇಳಿದ್ರೂ ನನ್ನ ಕೈ ಬರೂದಿಲ್ಲ. ಆದರ ಅವರಽ ಬಿಚ್ಚತೀನಿ ಅಂದ್ರ ನಾ ಬ್ಯಾಡ ಅನ್ನಾಕ ಯಾರು?" ಇಷ್ಟು ದಿನ ಇದನ್ನು ನನಗೇಕೆ ಹೇಳಲಿಲ್ಲವೆಂದರೆ, "ನೀವು ಕೇಳಿದ್ದೆಲ್ಲಿ? ಬಿಚ್ಚು ಬಿಚ್ಚು ಅಂದ್ರಿ" ಅಂದಳು. ಮೂರೂ ಚೌಕಗಳನ್ನು ತರುತ್ತಾಳೆ. ಹೊಲಿಯುವಾಗ ಬೆರಳು ದಾರಿ ಹಿಡಿಯುತ್ತದೆ, ಅಷ್ಟು ಸಣ್ಣ ಟಾಕಿಯನ್ನು ಅಡಿ ಸೀರೆ ಹರಿಯದಂತೆ ಬಿಚ್ಚಲು ಕಣ್ಣೇ ಬೇಕು, ಅದು ನನಗಿಂತ ನಿನಗೆ ಗೊತ್ತು. ಹುಬ್ಬಳ್ಳಿಯ ಕಣ್ಣಿನ ದವಾಖಾನಿಯಲ್ಲಿ ಡಿಸೆಂಬರ್ ೩, ಗುರುವಾರಕ್ಕೆ ನಿನ್ನ ಹೆಸರು ಬರೆಸಿದ್ದೇನೆ. ಒಲ್ಲೆ ಅನ್ನುವುದಾದರೆ ಸೈರಾಳಿಗೇ ಅನ್ನು. ಕಣ್ಣಿನ ಪಟ್ಟಿ ಬಿಚ್ಚಿದ ದಿನ ಕತ್ತರಿ ನಿನ್ನ ಕೈಗೆ ಕೊಡುತ್ತಾಳಂತೆ, ಆದರೆ ಆಗಸ್ಟಿನದನ್ನು ಉಳಿಸಿಕೊಳ್ಳಲು ನಿನ್ನೊಂದಿಗೆ ಜಗಳ ಮಾಡುತ್ತಾಳಂತೆ. "ಅತ್ತಿಗೆ ನನ್ನ ಮುಖಾ ಚಲೋತ್ನಾಗ ಕಾಣಲಿ, ಆಮ್ಯಾಲೆ ಜಗಳಾಡತೀನಿ" ಎಂದು ಬರೆಯಲು ಹೇಳಿ, ಬರೆದೆನೋ ಇಲ್ಲವೋ ನೋಡುತ್ತ ಇಲ್ಲೇ ನಿಂತಿದ್ದಾಳೆ.