ಗಾಯವಿಲ್ಲದ ರಕ್ತ

ಹೊಸಪೇಟೆ
೩೦ ಫೆಬ್ರುವರಿ ೨೧೫೬

ಸುಗುಣಜ್ಜಿಗೆ ನಿನ್ನ ಮರಿಮಗಳ ಮಗಳು ಇಂಚರ ಮಾಡುವ ನಮಸ್ಕಾರಗಳು.

ತಾರೀಕು ನೋಡಿ ಗಾಬರಿಯಾಗಬೇಡ. ನಮ್ಮ ಕಾಲದಲ್ಲಿ ಫೆಬ್ರುವರಿಗೂ ಮೂವತ್ತು ದಿನ ದಯಪಾಲಿಸಿದ್ದಾರೆ. ಹಿಂದಿನ ಕಾಲಕ್ಕೂ ಈಗ ಅಂಚೆ ಹೋಗುತ್ತದೆ. ಹತ್ತೊಂಬತ್ತರ ಹುಡುಗಿಯಾದ ನಿನ್ನನ್ನು ಅಜ್ಜಿ ಎನ್ನುತ್ತಿರುವುದನ್ನೂ ಮುಂದೆ ಬರುವ ವಿಚಿತ್ರ ಮಾತುಗಳನ್ನೂ ಕ್ಷಮಿಸು.

ನನ್ನ ಕೆಲಸ ಕಲೆಮನೆಯಲ್ಲಿ. ಹೆಸರು ಕೇಳಿ ಮಕ್ಕಳನ್ನು ಭರತನಾಟ್ಯಕ್ಕೆ ಸೇರಿಸಲು ಬರುವವರು ಈಗಲೂ ಇದ್ದಾರೆ. ನಾವು ಓದುವುದು ಬಟ್ಟೆಯ ಮೇಲಿನ ಕಲೆ. ಅದು ಯಾರದೆಂದು ಡಿಎನ್‌ಎ ಹೇಳುತ್ತದೆ, ಇದು ನಿಮಗೂ ಗೊತ್ತು. ಆ ಡಿಎನ್‌ಎ ಅಕ್ಷರಗಳ ಮೇಲೆ ಮೀಥೈಲ್ ಎಂಬ ಸಣ್ಣ ಗುರುತುಗಳಿರುತ್ತವೆ. ನಾವು ಅವನ್ನು ಬೊಟ್ಟು ಎನ್ನುತ್ತೇವೆ. ಒಬ್ಬರದೇ ಮೈಯಾದರೂ ಜೊಲ್ಲಿನಲ್ಲಿ ಬೊಟ್ಟುಗಳಿರುವ ಜಾಗ ಬೇರೆ, ಗಾಯದ ರಕ್ತದಲ್ಲಿ ಬೇರೆ, ಮುಟ್ಟಿನ ರಕ್ತದಲ್ಲಿ ಬೇರೆ. ನಿಮ್ಮ ಕಾಲದಲ್ಲೂ ಇದನ್ನು ಬಲ್ಲವರಿದ್ದರು. ಚಿಂತಾಮಣಿಯ ಒಂದು ಕಂಬಳಿಯ ಮಟ್ಟಿಗೆ ಯಾರೂ ಆ ಗೋಜಿಗೆ ಹೋಗಲಿಲ್ಲ, ಅಷ್ಟೆ.

ಹಳೆಯ ಮೊಕದ್ದಮೆಗಳ ಬಟ್ಟೆಗಳನ್ನು ಸುಡುವ ಮೊದಲು ಒಮ್ಮೆ ಓದುವುದು ನಮ್ಮ ಪದ್ಧತಿ. ಕಳೆದ ವಾರ ಆ ಕಂಬಳಿ ನನ್ನ ಮೇಜಿಗೆ ಬಂತು. ಕಲೆಯ ವಂಶ ಹುಡುಕಿದರೆ ನನ್ನ ಹೆಸರೇ ಬಂತು. ನಿನ್ನನ್ನು ಸೋದರಮಾವ ಚಲಪತಿಗೆ ಕೊಡಬೇಕೆಂದು ಹಿರಿಯರು ಹಟ ಹಿಡಿದರು. ನೀನು ಒಲ್ಲೆ ಎಂದೆ, ಅವನ ಮನೆಯಿಂದಲೇ ಕಾಣೆಯಾದೆ. ಅಲ್ಲಿ ಸಿಕ್ಕ ಈ ಕಂಬಳಿಯ ರಕ್ತ ನೋಡಿ, ಒಪ್ಪದ ಹುಡುಗಿಯನ್ನು ಕೊಂದು ಹೆಣ ಮುಚ್ಚಿಟ್ಟನೆಂದು ಪೊಲೀಸರು ಅವನನ್ನು ಹಿಡಿದರು. ಅವನ ತಾಯಿ, ಅಂದರೆ ನಿನ್ನ ಅಜ್ಜಿ ಪಿಳ್ಳಮ್ಮ, ಕಟಕಟೆ ಹಿಡಿದು ನಿಂತು ಹೇಳಿದಳು: “ಅದು ಗಾಯದ ರಕ್ತ ಅಲ್ಲ ಸ್ವಾಮಿ. ಮಗು ಹೊರಗಾಗಿತ್ತು. ಆ ಕಂಬ್ಳಿ ನಾನೇ ಹಾಸ್ಕೊಟ್ಟಿದ್ದು.” ಮಗನನ್ನು ಉಳಿಸಲು ಮುದುಕಿ ನಾಚಿಕೆಯನ್ನೂ ಬಿಟ್ಟಳು ಎಂದು ಜನ ನಕ್ಕರು. ಬೊಟ್ಟುಗಳು ಹೇಳುವುದೂ ಅವಳ ಮಾತನ್ನೇ. ಚಲಪತಿ ಜೈಲಿನಲ್ಲೇ ಸತ್ತ.

ನೀನು ಮೆಚ್ಚಿದವನ ಜೊತೆ ಒಂದೇ ಕಾಲಿನ ಚಪ್ಪಲಿಯಲ್ಲಿ ಹೊಸಪೇಟೆ ಬಸ್ಸು ಹತ್ತಿದ ಕಥೆಯನ್ನು ನಮ್ಮ ಮನೆಯ ಮದುವೆಗಳಲ್ಲಿ ಹೇಳಿಕೊಂಡು ನಗುತ್ತೇವೆ. ನಾನಂತೂ ಕುಂಟಿ ತೋರಿಸುತ್ತಿದ್ದೆ. ಇನ್ನು ತೋರಿಸಲಾರೆ. ಚಲಪತಿ ಕಂಬಿ ಎಣಿಸುತ್ತಿದ್ದ ವರ್ಷಗಳಲ್ಲೇ ನಮ್ಮ ಮನೆಯಲ್ಲಿ ತೊಟ್ಟಿಲು ತೂಗಿತು. ಅವನ ಸುದ್ದಿ ನಿನಗೆ ತಿಳಿದಿತ್ತೋ ಇಲ್ಲವೋ, ನಾನು ಕಾಣೆ. ಈ ಪತ್ರ ಮುಟ್ಟಿದ ಮೇಲೆ ತಿಳಿಯಲಿಲ್ಲ ಎನ್ನುವಂತಿಲ್ಲ.

ನೀನು ಇದನ್ನು ಓದುವ ಹೊತ್ತಿಗೆ ಅವನಿನ್ನೂ ಬದುಕಿದ್ದಾನೆ, ವಿಚಾರಣೆ ನಡೆಯುತ್ತಿದೆ. ಹತ್ತಿರದ ಠಾಣೆಗೆ ಹೋಗಿ ‘ಸುಗುಣ ನಾನೇ’ ಎನ್ನು. ಪ್ರಾಯಕ್ಕೆ ಬಂದವಳನ್ನು ಯಾರೂ ಎಳೆದೊಯ್ಯುವಂತಿಲ್ಲ. ಎಳೆದೊಯ್ದರೆ ಎಂದು ನೀನು ಕೇಳಬಹುದು. ಆಗ ನಿನ್ನ ಮಗಳು ಹುಟ್ಟದೆ ಹೋಗಬಹುದು, ಅವಳ ಸಾಲಿನಲ್ಲಿ ನಾನೂ. ಅದನ್ನು ಯೋಚಿಸಿಯೇ ಬರೆಯುತ್ತಿದ್ದೇನೆ. ಹೆದರಿಕೆಯಾಗುತ್ತಿದೆ, ಸುಳ್ಳು ಹೇಳಲಾರೆ.

ಆದರೂ ಹೋಗು ಅಜ್ಜಿ. ಈ ಸಲ ಎರಡೂ ಕಾಲಿಗೆ ಚಪ್ಪಲಿ ಹಾಕಿಕೊಂಡು ಹೋಗು.

ಇಂಚರ