ಕರೆದರೆ ಹೊರಬರುವ ಮೀನು

ಬಸವಕಲ್ಯಾಣ
23 ಮಾರ್ಚ್ 2025

ಪ್ರೀತಿಯ ಫರ್ಹೀನ್,

ನಿನ್ನ ಮೂರು ಪತ್ರಗಳಿಗೂ ಸೇರಿಸಿ ಇದೊಂದೇ ಉತ್ತರ. ಬೇಸರ ಮಾಡಿಕೊಳ್ಳಬೇಡ. ಫೋನು ಮಾಡಬಹುದಿತ್ತು, ಆದರೆ ಶೈಲೇಶರ ಮಂಚ ನಡುಮನೆಯಲ್ಲೇ ಇದೆ. ಈ ಮನೆಯಲ್ಲಿ ಆಡಿದ್ದೆಲ್ಲ ಅವರಿಗೆ ಕೇಳುತ್ತದೆ. ಕಲಬುರಗಿಯ ಹಾಸ್ಟೆಲಿನಲ್ಲಿ ಎದುರುಬದುರು ಮಂಚದಲ್ಲಿದ್ದೂ ಚೀಟಿ ಬರೆದುಕೊಳ್ಳುತ್ತಿದ್ದವರು ನಾವು. ಅದೇ ಚಟ ಎಂದುಕೋ. ರೋಜಾ ಹೇಗೆ ನಡೆದಿದೆ? ಕಳೆದ ವಾರ ಹುಮನಾಬಾದಿಗೆ ಹೋದಾಗ ನಿನ್ನ ಅಮ್ಮಿಯನ್ನು ಕಂಡು ಬಂದೆ. ‘ಆ ಹುಡುಗಿಗೆ ಸಮುದ್ರದಾಗ ಇಫ್ತಾರಿಗೆ ಖಜೂರ ಯಾರ ಕೊಡ್ತಾರ?’ ಎಂದರು. ಐವತ್ತು ಹತ್ತಿರ ಬಂದರೂ ನೀನು ಅವರಿಗೆ ಹುಡುಗಿಯೇ.

ಮಳೆಗಾಲಕ್ಕೆ ಮುಂಚೆ ಶೈಲೇಶ ಮುರುಡೇಶ್ವರಕ್ಕೆ ಬಂದು ಹಾವಿನಂಥ ಆ ಮೊರೆ ಈಲ್ ಮೀನಿನ ಚಿತ್ರದ ಉಳಿದ ಭಾಗ ಮುಗಿಸಿಕೊಡುತ್ತಾರೆಯೇ ಎಂದು ಕೇಳಿದ್ದೀಯ. ಇಲ್ಲ ಫರ್ಹೀನ್. ಸೊಂಟದ ಕೆಳಗೆ ಚಿವುಟಿದರೂ ತಿಳಿಯುವುದಿಲ್ಲ. ಹೋದ ತಿಂಗಳು ತೋರಿಸಿದ ದೊಡ್ಡ ಡಾಕ್ಟರು ‘ಇನ್ನು ಇಷ್ಟೇ’ ಎಂದು ನನಗೆ ಮಾತ್ರ ಹೇಳಲಿಲ್ಲ, ಅವರ ಎದುರೇ ಹೇಳಿದರು. ಬೆನ್ನುಹುರಿಯಲ್ಲಿ ಗಾಳಿಯ ಗುಳ್ಳೆ ಸಿಕ್ಕಿ ನಾಲ್ಕು ದಿನವಾದ ಮೇಲೆ ನಾವು ಅದನ್ನು ಕರಗಿಸುವ ಒತ್ತಡದ ಕೋಣೆಯಿರುವ ಆಸ್ಪತ್ರೆ ಮುಟ್ಟಿದ್ದೆವು. ಆ ನಾಲ್ಕು ದಿನ ಇಲ್ಲಿ ಎಲ್ಲರೂ ಲಕ್ವಾ ಎಂದೇ ತಿಳಿದರು. ಇದು ಸಮುದ್ರದ ರೋಗವೆಂದು ಸಮುದ್ರವೇ ಇಲ್ಲದ ಊರಿನಲ್ಲಿ ಯಾರಿಗೆ ಹೊಳೆಯಬೇಕು?

ಪಕ್ಕದ ಮನೆಯ ಮಾಣಿಕಮ್ಮ ಈಗಲೂ ದಿನಾ ಬಂದು ಕೂಡುತ್ತಾರೆ. ‘ಹಾವಿನ ಮಾರಿಗಿ ಲೈಟ್ ಹಿಡದ್ರ ಸುಮ್ಮ ಬಿಡ್ತದೇನ್ರಿ ಬಾಯಾರ? ಶಾಪ ಅದು. ಒಂದು ಕಬೂತರ ತರಸ್ರಿ, ಅದರ ರಕ್ತ ಕಾಲಿಗಿ ಹಚ್ಚರಿ, ಎದ್ದು ಓಡ್ತಾರ.’

ಶೈಲೇಶ ಮಲಗಿದಲ್ಲಿಂದಲೇ ಅಂದರು: ‘ಮಾಣಿಕಮ್ಮ, ಅದು ಹಾವಲ್ಲ, ಮೀನದ. ಮೀನ ಶಾಪ ಕೊಡೂಹಂಗಿದ್ರ ಕರಾವಳ್ಯಾಗ ಒಬ್ಬರೂ ಉಳೀತಿರಲಿಲ್ಲ. ಆ ಪಾರಿವಾಳ ಏನ್ ಮಾಡ್ಯದ ಪಾಪ, ಬಿಡ್ರಿ ಅದಕ್ಕ.’

ಮಾಣಿಕಮ್ಮ ನಕ್ಕರು. ನಮ್ಮ ಅತ್ತೆ ಯಶೋದಾಬಾಯಿ ನಗಲಿಲ್ಲ. ಅವರು ಈಗ ನಮ್ಮ ಜೊತೆಗೇ ಇದ್ದಾರೆ. ಎಪ್ಪತ್ತೆಂಟರಲ್ಲಿ ಮಗನ ಮೈ ಒರೆಸುತ್ತಾರೆ.

ನೀನು ಕಳಿಸಿದ ದೃಶ್ಯಗಳನ್ನು ಶೈಲೇಶ ಮತ್ತೆ ಮತ್ತೆ ಹಾಕಿಸಿಕೊಳ್ಳುತ್ತಾರೆ. ನೇತ್ರಾಣಿ ದ್ವೀಪದ ಆ ಬಂಡೆ, ಅದರ ಬಿರುಕು, ಬಿರುಕಿನಿಂದ ಹೊರಗಿಟ್ಟ ಚುಕ್ಕೆಯ ತಲೆ. ಮೊದಲ ದಿನ ಇವರನ್ನು ಕಂಡು ಒಳಗೆ ಸರಿದದ್ದು, ಹನ್ನೊಂದನೆಯ ದಿನ ಸರಿಯದೆ ಉಳಿದದ್ದು. ಪುಟ್ಟ ಸೀಗಡಿಯೊಂದು ಅದರ ಹಲ್ಲುಗಳ ನಡುವೆ ಓಡಾಡಿ ಕೊಳೆ ತೆಗೆಯುವುದು, ಇದು ಬಾಯಿ ತೆರೆದುಕೊಂಡೇ ಇರುವುದು. ಅದು ಬಾಯಿ ತೆರೆದು ಮುಚ್ಚಿದಾಗಲೆಲ್ಲ ಅತ್ತೆ, ‘ಎಷ್ಟ ಸಿಟ್ಟ ಅದಕ್ಕ, ಬೈಯಾಕತ್ತದ ನೋಡು’ ಎನ್ನುತ್ತಾರೆ. ‘ಬೈಯಾಕತ್ತಿಲ್ಲವ್ವಾ, ಉಸಿರಾಡಾಕತ್ತದ. ಬಾಯಿ ತೆಗದು ನೀರ ಒಳಗ ತಗೊಳ್ಳಲಿಲ್ಲಂದ್ರ ಸತ್ತ ಹೋಗ್ತದ’ ಎಂದು ಶೈಲೇಶ ಪ್ರತಿ ಸಲವೂ ತಾಳ್ಮೆಯಿಂದ ತಿಳಿಸುತ್ತಾರೆ.

ಈ ಪತ್ರದ ಜೊತೆ ಕ್ಯಾಮೆರಾ ಕಳಿಸುತ್ತಿದ್ದೇನೆ. ಅದು ಅವರದೇ ತೀರ್ಮಾನ. ನಾಲ್ಕು ತಿಂಗಳಿಂದ ಪ್ರತಿ ಬೆಳಿಗ್ಗೆ ಅದರ ನೀರು ಹೋಗದ ಪೆಟ್ಟಿಗೆಯನ್ನು ತೊಡೆಯ ಮೇಲೆ ಇರಿಸಿಕೊಂಡು, ರಬ್ಬರಿನ ಬಳೆ ಬಿಚ್ಚಿ, ಒರೆಸಿ, ಬೆರಳ ತುದಿಯಿಂದ ಗ್ರೀಸ್ ಸವರಿ, ಬೆಳಕಿಗೆ ಹಿಡಿದು ನೋಡುತ್ತಿದ್ದರು. ‘ಒಂದು ಕೂದಲ ಸಿಕ್ಕೊಂಡ್ರೂ ಸಾಕು, ನೀರ ಒಳಗ ಬರ್ತದ’ ಎನ್ನುತ್ತ. ಮೊನ್ನೆ ಹಾಗೆಯೇ ನೋಡುತ್ತಿದ್ದವರು ನನ್ನನ್ನು ಕರೆದರು. ‘ಉಜ್ವಲಾ, ಇದನ್ನ ಫರ್ಹೀನ್‌ಗ ಕಳಸಿಬಿಡು. ಬ್ಯಾರೆ ಯಾರಿಗಾದ್ರೂ ಇಳೀಲಿಕ್ಕೆ ಹೇಳಲಿ. ಬಂಡೆ ಮುಂದ ಹತ್ತ ಅಡಿ ದೂರ ಮಲಗಬೇಕಂತ ಹೇಳು. ಕೈ ಚಾಚಬಾರದು. ಅದಕ್ಕ ಕಣ್ಣು ಮಂದ, ವಾಸನಿ ಮ್ಯಾಲೆ ಬರ್ತದ.’ ಆಮೇಲೆ ಆ ಬಳೆಯನ್ನು ಬಿಡಲಿಲ್ಲ. ಪೆಟ್ಟಿಗೆಗೆ ಹೊಸ ಬಳೆ ಹಾಕಿದೆವು. ಹಳೆಯದು ಅವರ ದಿಂಬಿನ ಕೆಳಗಿದೆ.

ಚಿತ್ರದ ಹಿನ್ನೆಲೆಯ ಮಾತುಗಳನ್ನೂ ಬರೆದು ಇಟ್ಟಿದ್ದೇನೆ. ಮರಿಯಿದ್ದಾಗ ಗಾಜಿನ ಎಲೆಯಂತೆ ತಿಂಗಳುಗಟ್ಟಲೆ ತೇಲುವುದು, ಗಂಟಲಿನಲ್ಲಿ ಎರಡನೆಯ ದವಡೆ ಇರುವುದು, ಎಲ್ಲ ಆಯಿತು. ಕೊನೆಯ ದೃಶ್ಯಕ್ಕೆ ಮಾತ್ರ ನನ್ನಿಂದ ಆಗಲಿಲ್ಲ. ದೊಡ್ಡ ಮೀನೊಂದು ಬೇಟೆಗೆ ಜೊತೆ ಬೇಕಾಗಿ ಬಿರುಕಿನ ಮುಂದೆ ಬಂದು ತಲೆ ಅಲ್ಲಾಡಿಸಿ ಕರೆಯುತ್ತದಲ್ಲ, ಈಲ್ ತನ್ನ ಗೂಡು ಬಿಟ್ಟು ಅದರ ಹಿಂದೆ ಹೊರಡುತ್ತದಲ್ಲ, ಅದು. ಹದಿನೈದು ಸಲ ಬರೆದು ಹರಿದೆ. ಅಲ್ಲಿ ಮಾತು ಬೇಡ, ಬರಿಯ ನೀರಿನ ಸದ್ದಿರಲಿ.

ನಿನ್ನ ಮೂರೂ ಪತ್ರಗಳಲ್ಲಿ ಒಂದೇ ಕೊರಗು ಇದೆ: ಆ ದಿನ ನೀನು ಅವರನ್ನು ತಡೆಯಬೇಕಿತ್ತು ಎಂದು. ನೀನು ತಡೆದೆ, ನನಗೆ ಗೊತ್ತು. ‘ಈಗಷ್ಟೇ ನೀರಿಂದ ಎದ್ದಿ, ನಾಳೆ ಹೋಗು, ಘಟ್ಟ ಹತ್ತಬ್ಯಾಡ, ಮೈಯಾಗಿನ ಗಾಳಿ ಗುಳ್ಳಿ ಆಗ್ತದ’ ಎಂದೆ. ‘ನಾಳಿತನಕ ಅವ್ವ ಇರೂದಿಲ್ಲ’ ಎಂದು ಅವರು ಕಾರು ಹತ್ತಿದರು. ಹುಬ್ಬಳ್ಳಿ ದಾಟುವಾಗ ಕಾಲು ಜುಮ್ಮೆಂದಿತಂತೆ, ಕೂತು ಕೂತು ಹೀಗಾಗಿದೆ ಎಂದುಕೊಂಡರಂತೆ. ಹುಮನಾಬಾದಿನಲ್ಲಿ ಅತ್ತೆಯ ಮನೆಯ ಮುಂದೆ ಕಾರಿನಿಂದ ಇಳಿಯಲಾಗಲಿಲ್ಲ. ನಿನ್ನ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ. ಇದನ್ನು ನಂಬು.

ಈದಿಗೆ ಊರಿಗೆ ಬಾ, ಅಮ್ಮಿ ದಾರಿ ಕಾಯುತ್ತಾರೆ. ನಮ್ಮ ಮನೆಗೆ ಬರಲೇಬೇಕೆಂದು ಒತ್ತಾಯಿಸುವುದಿಲ್ಲ. ನೀರಿಗೆ ಇಳಿದಾಗಲೆಲ್ಲ ನಿಧಾನವಾಗಿ ಮೇಲೆ ಬಾ. ದೇವರು ನಿನ್ನನ್ನು ಕಾಯಲಿ.

ನಿನ್ನ
ಉಜ್ವಲಾ

ಮರೆತ ಮಾತು: ಮರೆತಿರಲಿಲ್ಲ. ಇದನ್ನು ಬರೆಯಲೆಂದೇ ಮೇಲಿನದನ್ನೆಲ್ಲ ಬರೆದೆ. ಆ ದಿನ ನಾನು ಹುಮನಾಬಾದಿನಲ್ಲಿ ಅತ್ತೆಯ ಜೊತೆಗಿದ್ದೆ. ಅವರಿಗೆ ಏನೂ ಆಗಿರಲಿಲ್ಲ. ಬರೀ ಜ್ವರ. ಅಡುಗೆಮನೆಯಲ್ಲಿ ಕೂತು ಗಂಜಿ ಕುಡಿಯುತ್ತಿದ್ದರು. ಶೈಲೇಶ ಫೋನು ಮಾಡಿದರು. ‘ಇವತ್ತು ಸಿಕ್ತು ಉಜ್ವಲಾ! ಆ ದೊಡ್ಡ ಮೀನ ಕರದ ಕೂಡಲೆ ಹೊರಗ ಬಂತು!’ ಹತ್ತೊಂಬತ್ತು ದಿನ ಆ ಬಿರುಕಿನ ಮುಂದೆ ಮಲಗಿದ್ದವರು, ದೀಪಾವಳಿಗೂ ಬಂದಿರಲಿಲ್ಲ. ಅಂಥ ಸಂತೋಷದ ದನಿಯನ್ನು ನಾನು ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಕೇಳಿರಲಿಲ್ಲ. ಒಂದು ಸಲ ನಾನು ಕರೆದರೆ ಬರುತ್ತಾರೋ ನೋಡಬೇಕೆನಿಸಿತು. ‘ಅವ್ವನ ಉಸಿರು ನಿಂತು ನಿಂತು ಬರಾಕತ್ತದ, ಈಗಿಂದೀಗ ಬರ್ರಿ’ ಎಂದೆ. ‘ಈಗ ನೀರಿಂದ ಎದ್ದೇನಿ’ ಎಂದರು. ಕೇಳಿಸಿತು. ನೀರಿನಿಂದ ಎದ್ದವರು ಒಂದು ದಿನ ಎತ್ತರಕ್ಕೆ ಹೋಗಬಾರದೆಂಬ ಸಾಲನ್ನು ನಿಮ್ಮ ಡೈವಿಂಗ್ ಕೈಪಿಡಿಗೆ ಕನ್ನಡದಲ್ಲಿ ಬರೆದುಕೊಟ್ಟವಳು ನಾನೇ ಅಲ್ಲವೇ? ಆದರೂ ಬೇಡ ಎನ್ನಲಿಲ್ಲ.

ಅತ್ತೆ ಗಂಜಿಯ ಬಟ್ಟಲು ಕೆಳಗಿಟ್ಟು ನನ್ನನ್ನೇ ನೋಡಿದರು. ಅವರು ಮಗನಿಗೆ ಹೇಳಿದ್ದಾರೋ ಇಲ್ಲವೋ ಗೊತ್ತಿಲ್ಲ. ಶೈಲೇಶ ಈವರೆಗೆ ನನ್ನನ್ನು ಒಂದು ಮಾತೂ ಕೇಳಿಲ್ಲ. ಒಮ್ಮೊಮ್ಮೆ ನಾನು ಹತ್ತಿರ ಹೋದಾಗ ನನ್ನತ್ತ ನೋಡಿ ಬಾಯಿ ತೆರೆಯುತ್ತಾರೆ. ಮತ್ತೆ ಮುಚ್ಚುತ್ತಾರೆ. ಉಸಿರಾಡುತ್ತಿದ್ದಾರೆ, ಅಷ್ಟೇ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ.