ಬಚ್ಚಲ ಕಿಂಡಿಗೆ ತುರುಕಿದ ಸೀರೆ

ಕಮರಿಪೇಟೆ, ಹುಬ್ಬಳ್ಳಿ
೯ ಜನವರಿ ೨೦೨೫, ಗುರುವಾರ, ಬೆಳಿಗ್ಗೆ ಹತ್ತು ಗಂಟೆ

ಪ್ರೀತಿಯ ಯಜಮಾನರಿಗೆ ಭಾಗ್ಯಶ್ರೀ ಮಾಡುವ ನಮಸ್ಕಾರಗಳು.

ನಿಮ್ಮ ಸೊಂಟದ ನೋವು ಈಗ ಹೇಗಿದೆ? ಏಣಿ ಹತ್ತಿ ಇಳಿಯುವಾಗ ಆ ಪಟ್ಟಿ ಕಟ್ಟಿಕೊಳ್ಳುತ್ತೀರೋ, ಇಲ್ಲಾ ಅದು ಬ್ಯಾಗಿನ ತಳದಲ್ಲೇ ಬಿದ್ದಿದೆಯೋ? ಬಿದ್ದಿರುತ್ತದೆ, ನನಗೆ ಗೊತ್ತು. ಮಡಗಾಂವಿನ ಖಾನಾವಳಿಯಲ್ಲಿ ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡು ಉಣ್ಣುತ್ತೀರಂತೆ, ನಿಮ್ಮ ಅವ್ವ ಓಣಿಗೆಲ್ಲ ಹೇಳಿಕೊಂಡು ಮರುಗಿದ್ದಾರೆ. ಅವರು ಕಟ್ಟಿಕೊಟ್ಟ ಶೇಂಗಾ ಚಟ್ನಿ ಮುಗಿದಿದ್ದರೆ ತಿಳಿಸಿ. ಆ ಹೋಟೆಲಿನ ಅರವತ್ತು ಕೋಣೆಗಳಲ್ಲಿ ಎಷ್ಟಕ್ಕೆ ಗೀಜರ್ ಕೂಡಿಸಿ ಮುಗಿಯಿತು? ಮುಂದಿನ ಸಾಲಿನಲ್ಲಿ ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯಬೇಕು. ಪೆನ್ನು ಹಿಡಿದು ಕಾಲು ತಾಸು ಕೂತೆ, ಮನಸ್ಸು ಒಪ್ಪಲಿಲ್ಲ. ನಿಮ್ಮ ಮಗ ಇಪ್ಪತ್ತು ದಿನದವನಾದ. ಮೂಗು ನಿಮ್ಮದು, ಹಟ ಅಜ್ಜಿಯದು. ಸದ್ಯಕ್ಕೆ ಅವನ ಕಡೆಯಿಂದ ಇಷ್ಟೇ ಸುಖದ ಸುದ್ದಿ.

ಫೋನು ಬಿಟ್ಟು ಇವಳೇನು ಕಾಗದ ಬರೆಯುತ್ತಾಳೆ ಎಂದು ನಗಬೇಡಿ. ಬಾಣಂತಿ ಫೋನು ನೋಡಿದರೆ ಕಣ್ಣು ಹೋಗುತ್ತವೆ ಎಂದು ಹೆತ್ತ ಮೂರನೇ ದಿನವೇ ಅತ್ತೆಯವರು ನನ್ನ ಫೋನನ್ನು ಕಪಾಟಿನಲ್ಲಿಟ್ಟು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ನೀವು ದಿನಾ ಸಂಜೆ ಅವರ ಫೋನಿಗೆ ಮಾಡುತ್ತೀರಿ. ನಾನು ಒಳಕೋಣೆಯಲ್ಲಿ ಕಿವಿಗೆ ಅರಿವೆ ಕಟ್ಟಿಕೊಂಡು ಅರ್ಧಂಬರ್ಧ ಕೇಳಿಸಿಕೊಳ್ಳುತ್ತೇನೆ. “ಬಾಣಂತಿ ಹ್ಯಾಂಗದಾಳವಾ?” ಅಂತ ನೀವು, “ಭೇಷ್ ಅದಾಳಪಾ, ನೀ ಕಾಳಜಿ ಮಾಡಬ್ಯಾಡ” ಅಂತ ಅವರು. ಒಂದೇ ಒಂದು ಸಲ ನನ್ನ ಕೈಗೆ ಕೊಟ್ಟರು, ಅದೂ ಸ್ಪೀಕರ್ ಹಾಕಿ, ಮಗ್ಗುಲಲ್ಲೇ ಕೂತು. “ಬಚ್ಚಲದಾಗ ತಲಿ ತಿರಗತದ್ರೀ” ಎಂದೆ. ನೀವೇನಂದಿರಿ? “ಅವ್ವಗ ಕೊಡು.” ಮದುವೆಯಾದ ಈ ನಾಲ್ಕು ವರ್ಷದಲ್ಲಿ ನಾನು ಏನು ಹೇಳಹೊರಟರೂ ಕಡೆಗೆ ನಿಮ್ಮ ಬಾಯಿಂದ ಬರುವುದು ಇದೊಂದೇ ಮಾತು. ಈ ಕಾಗದವನ್ನು ಅವ್ವನ ಕೈಗೆ ದಾಟಿಸಲು ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಎದುರುಮನೆಯ ಹುಮಾ ಬಂದಾಗ ಔಷಧಿ ಚೀಟಿಯ ಹಾಗೆ ಮಡಿಸಿ ಕೊಡುತ್ತೇನೆ, ಅವಳು ಫೋಟೋ ತೆಗೆದು ನಿಮಗೆ ಕಳಿಸುತ್ತಾಳೆ. ಪೂರ್ತಿ ಓದಿ.

ವಿಷಯ ನೀವು ಕೂಡಿಸಿಹೋದ ಗ್ಯಾಸ್ ಗೀಜರಿನದು. ನನ್ನ ಬಾಣಂತನಕ್ಕೆ ಅವ್ವ ಹಂಡೆಗೆ ಕಟ್ಟಿಗೆ ಒಟ್ಟುತ್ತಾ ಬಳಲಬಾರದೆಂದು ಪ್ರೀತಿಯಿಂದಲೇ ತಂದಿರಿ, ಇಲ್ಲವೆನ್ನುವುದಿಲ್ಲ. ಆದರೆ ಗಿರಾಕಿಗಳ ಮನೆಯಲ್ಲಿ “ಗೀಜರ್ ಹೊರಗ ಇರ್ಲಿರಿ, ನೀರಷ್ಟ ಒಳಗ ಬರ್ಲಿ” ಎಂದು ಪಾಠ ಹೇಳುವ ನೀವು ನಮ್ಮ ಮನೆಯ ನಾಲ್ಕಡಿ ಆರಡಿ ಬಚ್ಚಲಿನೊಳಗೇ ಅದನ್ನು ತೂಗುಹಾಕಿದಿರಿ. ಹೊರಗೋಡೆ ಓಣಿಗೆ ಹತ್ತಿದೆ, ಯಾರಾದರೂ ಬಿಚ್ಚಿಕೊಂಡು ಹೋದಾರು ಎಂದಿರಿ. ಗೋವಾ ಬಸ್ಸಿಗೆ ಎರಡೇ ತಾಸು ಉಳಿದಿತ್ತು, ಗೋಡೆ ಕೊರೆಯಲು ಹೊತ್ತಿರಲಿಲ್ಲ, ಖರೇ ಕಾರಣ ಅದು. ಚಪ್ಪಲಿ ಮೆಟ್ಟುತ್ತಾ “ಆ ಕಿಂಡಿ ಒಂದ ತೆರದಿರ್ಲಿ, ಇಲ್ಲಾಂದ್ರ ಗ್ಯಾಸ್ ಉರದ ವಿಷ ಒಳಗ ತುಂಬತದ, ಅದಕ ವಾಸನಿನೂ ಇರಂಗಿಲ್ಲ” ಎಂದಿರಿ. ಅತ್ತೆಯವರು ಅಡುಗೆಮನೆಯಲ್ಲಿ ನಿಮ್ಮ ಬುತ್ತಿ ಕಟ್ಟುತ್ತಿದ್ದರು. ಕೇಳಿಸಿಕೊಂಡವಳು ನಾನೊಬ್ಬಳೇ.

ಬಾಣಂತಿಗೆ ಗಾಳಿ ಸೋಕಬಾರದಲ್ಲ. ನನ್ನ ಕೋಣೆಯ ಕಿಟಕಿಗೆ ಕೌದಿ ಕಟ್ಟಿದೆ, ಬಾಗಿಲ ಸಂದಿಗೆ ಗೋಣಿಚೀಲ, ನನ್ನ ಕಿವಿಗೆ ಹತ್ತಿ. ಬಚ್ಚಲ ಕಿಂಡಿಗೆ ಅತ್ತೆಯವರ ಹಳೆಯ ಇಳಕಲ್ ಸೀರೆ. ಮೊದಲು ಅರ್ಧ ಮಾತ್ರ ತುರುಕಿದ್ದರು. ಎರೆಯಲು ಬರುತ್ತಿದ್ದ ಗುಲ್ಜಾರಬಿ ಮುಕ್ಕಾಲು ತಾಸು ಮೈಮೇಲೆ ನೀರು ಹೊಯ್ಯುತ್ತಿದ್ದರು, ಗೀಜರ್ ಅಷ್ಟೂ ಹೊತ್ತು ಉರಿಯುತ್ತಿತ್ತು. ಎಂಟನೇ ದಿನ ತಲೆ ಸಿಡಿಯತೊಡಗಿತು. ಹನ್ನೊಂದನೇ ದಿನ ಎದ್ದು ನಿಲ್ಲಹೋಗಿ ಕುಸಿದುಬಿಟ್ಟೆ. ಅತ್ತೆಯವರು ಓಡಿಬಂದು ಕಿಂಡಿಯತ್ತ ನೋಡಿ “ಅಲ್ಲಿಂದನ ಬಡದದ ನೋಡ ಗಾಳಿ” ಎಂದು ಉಳಿದರ್ಧ ಸೀರೆಯನ್ನೂ ತುರುಕಿದರು. ಮರುದಿನ ತಲೆಸುತ್ತು ಹೆಚ್ಚಾಯಿತು, ವಾಂತಿಯೂ ಆಯಿತು. ಬಾಗಿಲ ಕೆಳಗಿನ ಸಂದಿಗೂ ಚೀಲ ಒತ್ತಿದರು. ನಾನು ಬಿದ್ದಷ್ಟೂ ಅವರು ಮುಚ್ಚುತ್ತಾರೆ, ಅವರು ಮುಚ್ಚಿದಷ್ಟೂ ನಾನು ಬೀಳುತ್ತೇನೆ. ಗಾಣದ ಎತ್ತಿನಂತೆ ಇದರಲ್ಲೇ ಸುತ್ತುತ್ತಿದ್ದೇನೆ. “ಯವ್ವಾ, ನಾ ದಿನಾ ನಾಕ ಮನಿ ಬಾಣಂತ್ಯಾರಿಗೆ ಎರೀತೇನಿ. ನನಗ ತಲಿ ನೋಯೂದು ನಿಮ್ಮ ಬಚ್ಚಲದಾಗ ಅಷ್ಟ” ಎಂದು ಗುಲ್ಜಾರಬಿ ನನ್ನ ಬೆನ್ನು ತಿಕ್ಕುತ್ತಾ ಪಿಸುಗುಟ್ಟಿದರು. ನಾನು ಜಾಣೆಯಂತೆ ಅದನ್ನು ಅತ್ತೆಯವರಿಗೆ ಮುಟ್ಟಿಸಿದೆ. ಕೆಲಸ ತಪ್ಪಿಸಲು ನೆವ ಹೇಳುತ್ತಾಳೆ ಎಂದು ಆಕೆಯನ್ನೇ ಬಿಡಿಸಿದರು. ಈಗ ತಾವೇ ಎರೆಯುತ್ತಾರೆ. ಅವರಿಗೂ ತಲೆ ನೋಯುತ್ತದೆ. ಹಣೆಗೆ ಶುಂಠಿ ತೇಯ್ದು ಹಚ್ಚಿಕೊಂಡು ಸುಮ್ಮನಿರುತ್ತಾರೆ.

ಮೊನ್ನೆ ಮಂಗಳವಾರದ್ದನ್ನು ಕೇಳಿ. ಎರೆಯುವಾಗ ನಿಮ್ಮ ಮಗ ಓಣಿಯೇ ಎದ್ದು ಕೂರುವಂತೆ ಅರಚುತ್ತಾನೆ. ಅವತ್ತು ನನಗೆ ಎರೆದಾದ ಮೇಲೆ ಅತ್ತೆಯವರು ಕಾಲು ನೀಡಿ, ಕಾಲ ಮೇಲೆ ಅವನನ್ನು ಮಲಗಿಸಿಕೊಂಡು ನೀರು ಹೊಯ್ದರು. ಅವನು ಅಳಲಿಲ್ಲ. ಕಣ್ಣು ಅರ್ಧ ಮುಚ್ಚಿ, ಕೈಕಾಲು ಚೆಲ್ಲಿ ಬಿದ್ದುಕೊಂಡಿದ್ದ. ಅತ್ತೆಯವರಿಗೆ ಹಿಗ್ಗೋ ಹಿಗ್ಗು. “ನೋಡವಾ ನನ್ನ ಬಂಗಾರ, ಇವತ್ತ ಎಷ್ಟ ಶ್ಯಾಣ್ಯಾ ಆಗಿ ಜಳಕಾ ಮಾಡಾಕತ್ತಾನ!” ಒದ್ದೆ ಮೈಯಲ್ಲೇ ಅವನನ್ನು ಕಸಿದುಕೊಂಡು ಹಿತ್ತಲಿಗೆ ಓಡಿದೆ. ಎಷ್ಟು ಹೊತ್ತು ನಿಂತೆನೋ ಕಾಣೆ. ಕಡೆಗೊಮ್ಮೆ ಬಿಕ್ಕಿದ, ಆಮೇಲೆ ಅತ್ತ. ಆ ಅಳು ಕೇಳಿದ್ದೇ ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ. ಅತ್ತೆಯವರು ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತಾಡುತ್ತಿದ್ದೆ. “ಹಸಿ ಬಾಣಂತಿ, ಹಸಗೂಸು, ಹಿಂಗ ಹಿತ್ತಲದಾಗ ನಿಂತೀಯಲ್ಲ ನನ್ನವ್ವಾ” ಎಂದು ನಮ್ಮಿಬ್ಬರನ್ನೂ ಕೌದಿಯಲ್ಲಿ ಸುತ್ತಿ ಗಳಗಳ ಅತ್ತರು. ಆ ಸೀರೆಯನ್ನು ನಾನು ಎಳೆದು ತೆಗೆದೇನೆಂದು ನಿನ್ನೆ ಬಡಿಗನನ್ನು ಕರೆಸಿ ಕಿಂಡಿಗೆ ಪ್ಲೈವುಡ್ ಹೊಡೆಸಿದ್ದಾರೆ.

ಅತ್ತೆಯ ಮೇಲೆ ದೂರು ಬರೆದಳು ಎಂದುಕೊಳ್ಳಬೇಡಿ. ನನ್ನ ಹಡೆದವ್ವ ಇದ್ದಿದ್ದರೂ ಇಷ್ಟು ಮಾಡುತ್ತಿದ್ದಳೋ ಇಲ್ಲವೋ. ದಿನಾ ತುಪ್ಪ ಸುರಿದು ಅಂಟಿನುಂಡಿ ಕಟ್ಟುತ್ತಾರೆ, ನನ್ನ ಬಟ್ಟೆಯನ್ನು ನನಗೇ ಮುಟ್ಟಗೊಡುವುದಿಲ್ಲ. ನಿಮಗಿಂತ ಮೊದಲು ಒಂದು ಹೆಣ್ಣು ಹುಟ್ಟಿತ್ತಂತೆ, ಇಪ್ಪತ್ತೆರಡನೇ ದಿನ ಹೋಯಿತಂತೆ. ನಿಮಗೆ ಯಾವತ್ತಾದರೂ ಹೇಳಿದ್ದಾರೆಯೇ? “ಸೆಖಿ ಅಂತ ನಾನ ಕಿಟಕಿ ತೆಗದಿದ್ದೆ. ಗಾಳಿ ಒಯ್ತು” ಎಂದು ನನ್ನ ತಲೆಗೆ ಎಣ್ಣೆ ಒತ್ತುತ್ತಾ ಹೇಳಿದರು. ಅಂಥವರ ಮುಂದೆ ಯಾವ ಬಾಯಿಂದ ಕಿಂಡಿ ತೆಗೆಯಿರಿ ಎನ್ನಲಿ? ಕೆಟ್ಟವರ ಕೈಗೆ ಸಿಕ್ಕಿದ್ದರೆ ಜಗಳ ತೆಗೆದು ಹೊರಬೀಳುತ್ತಿದ್ದೆ. ಇಷ್ಟು ಪ್ರೀತಿ ಮಾಡುವವರ ಕೈಯಿಂದ ಹೇಗೆ ತಪ್ಪಿಸಿಕೊಳ್ಳಬೇಕೋ ನನಗೆ ತಿಳಿಯುತ್ತಿಲ್ಲ.

ಹೊರಡುವಾಗ ನೀವು ಕಿಂಡಿಯ ಬಗ್ಗೆ ಹೇಳಿದ ಮಾತನ್ನೂ ಅವರಿಗೆ ಹೇಳಿ ನೋಡಿದೆ. “ಹಂಗಿದ್ರ ನನ್ನ ಮುಂದ ಯಾಕ ಹೇಳಲಿಲ್ಲ ಅಂವ? ನನ್ನ ಮಗ ಕೂಡಿಸಿದ್ದರಾಗ ಐಬ ಇರಂಗಿಲ್ಲ” ಎಂದರು. ನಿನ್ನೆ, ಇವತ್ತು ಜ್ವರದ ನೆವ ಹೇಳಿ ಎರಡು ಜಳಕ ತಪ್ಪಿಸಿದ್ದೇನೆ. ಮಗುವನ್ನೂ ಎದೆಗೆ ಕಚ್ಚಿಸಿಕೊಂಡೇ ಮಲಗಿದೆ, ಬಿಡಲಿಲ್ಲ. ಭಾನುವಾರ ಅದು ನಡೆಯುವುದಿಲ್ಲ. ಅವತ್ತು ತೊಟ್ಟಿಲು. ಬೀಗರು ಬರುವ ಮೊದಲು ನಮ್ಮಿಬ್ಬರಿಗೂ ಎಣ್ಣೆ ಹಚ್ಚಿ ಪೂರಾ ಒಂದು ತಾಸು ಎರೆಯಬೇಕಂತೆ. ನಿಮಗೆ ರಜೆ ಇಲ್ಲವೆಂದು ಗೊತ್ತು, ಬನ್ನಿ ಎನ್ನುವುದಿಲ್ಲ. ಶನಿವಾರದೊಳಗೆ ಅವ್ವನಿಗೆ ಫೋನು ಮಾಡಿ, ಆ ಪ್ಲೈವುಡ್ ಕೀಳಿಸಿ, ಗೀಜರ್ ಬಂದ್ ಮಾಡಿಸಿ. ನೀವು ಬಂದು ಅದನ್ನು ಹೊರಗೋಡೆಗೆ ಹಾಕುವವರೆಗೆ ಹಿತ್ತಲ ಒಲೆಯ ಹಂಡೆ ನೀರು ಸಾಕು. ನಾನು ಬಲ್ಲಂತೆ ನೀವು ಯಾರ ಮುಂದೆಯೂ ನನ್ನದು ತಪ್ಪಾಯಿತು ಎಂದವರಲ್ಲ. ಸಾರಿಗೆ ಉಪ್ಪು ಎರಡು ಸಲ ಹಾಕಿದ ದಿನವೂ ಉಪ್ಪೇ ಸರಿಯಿಲ್ಲ ಎಂದವರು. ಇದೊಂದು ಸಲ ಅನ್ನಿ, ನಿಮ್ಮ ಕಾಲಿಗೆ ಬೀಳುತ್ತೇನೆ.

ಹೊತ್ತಿಗೆ ಸರಿಯಾಗಿ ಉಣ್ಣಿ, ಸೊಂಟಕ್ಕೆ ಪಟ್ಟಿ ಕಟ್ಟಿಕೊಳ್ಳಿ. ಜೊತೆಗಿರುವ ಕೆಲಸದವರಿಗೆಲ್ಲ ನನ್ನ ನಮಸ್ಕಾರ ಹೇಳಿ. ಮಗನ ಪರವಾಗಿ ಅಪ್ಪನಿಗೊಂದು ಮುತ್ತು.

ನಿಮ್ಮ ಫೋನಿಗೆ ಕಿವಿಯಿಟ್ಟು ಕೂತಿರುವ,
ಭಾಗ್ಯಶ್ರೀ

ತಾ.ಕ.: ಅಕ್ಷರ ಕೆಟ್ಟಿವೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಜ್ವರದ ನನ್ನನ್ನು ನೋಡಿಕೊಳ್ಳುವುದರಲ್ಲಿ ಅತ್ತೆಯವರಿಗೆ ಇವತ್ತು ಜಳಕ ತಡವಾಗಿತ್ತು. ನಾನು ಮೇಲೆ ಸಹಿ ಮಾಡುವಾಗ ಬಚ್ಚಲಲ್ಲಿದ್ದರು. ನೀರು ಹೊಯ್ದುಕೊಳ್ಳುತ್ತಾ ಹಾಡುತ್ತಾರಲ್ಲ, ಆ ಹಾಡು ನಡುವೆಯೇ ನಿಂತಿತು. ನೀರು ಬೀಳುವ ಸಪ್ಪಳ ಮಾತ್ರ ಕೇಳುತ್ತಿತ್ತು. ಕೂಗಿದರೆ ಓ ಎನ್ನಲಿಲ್ಲ. ಅಷ್ಟರಲ್ಲಿ ಹುಮಾ ಬಂದಳು, ಇಬ್ಬರೂ ಒದ್ದು ಚಿಲಕ ಮುರಿದು ಅವರನ್ನು ಹಿತ್ತಲಿಗೆ ಎಳೆದುಹಾಕಿದೆವು. ಜೀವಕ್ಕೇನೂ ಆಗಿಲ್ಲ, ಹೆದರಬೇಡಿ. ಕಣ್ಣು ಬಿಟ್ಟು ನನ್ನನ್ನು ನೋಡಿ ಮೊದಲು ಅಂದದ್ದು, “ಕಿವಿಗೆ ಅರಿಬಿ ಕಟ್ಟಕೋ, ಗಾಳಿ ಬಡೀತದ.” ಆಮೇಲೆ, “ವಯಸ್ಸಾತಲ್ಲ, ಅದಕ ತಲಿ ತಿರಗಿತು. ನನ್ನ ಮಗ ಕೂಡಿಸಿದ್ದಕ್ಕ ಏನೂ ಅನಬ್ಯಾಡ್ರಿ.” ಹುಮಾಳ ಫೋನಿನಿಂದ ನಾಲ್ಕು ಸಲ ಮಾಡಿದೆ, ನಿಮ್ಮದು ಹತ್ತುತ್ತಿಲ್ಲ. ಆಟೋ ಬಾಗಿಲಲ್ಲಿ ನಿಂತಿದೆ, ಅತ್ತೆ, ನಾನು, ಮಗು ಮೂವರೂ ದವಾಖಾನೆಗೆ ಹೊರಟಿದ್ದೇವೆ. ಮಗ ಅರಚುತ್ತಿದ್ದಾನೆ, ಅರಚಲಿ. ಡಾಕ್ಟರು ಏನೇ ಹೇಳಲಿ, ನಿಮ್ಮ ಅವ್ವ ನಂಬುವುದು ನಿಮ್ಮನ್ನೇ. ಅವರ ಫೋನು ಈಗ ನನ್ನ ಕೈಯಲ್ಲಿದೆ. ಇದನ್ನು ಓದಿದ ತಕ್ಷಣ ಮಾಡಿ. ಹೇಗಿದ್ದೀ, ಏನಾಯಿತು ಎಂದೇನೂ ಕೇಳಬೇಡಿ. “ಅವ್ವಾ, ಅದನ್ನ ಅಲ್ಲಿ ಕೂಡಿಸಿದ್ದು ನನ್ನ ತಪ್ಪು” ಅಂತ ಅನ್ನಲು ಬಾಯಿ ಸಿದ್ಧ ಮಾಡಿಟ್ಟುಕೊಳ್ಳಿ. ನಾನು ಎತ್ತಿದವಳೇ ಅವ್ವಗ ಕೊಡ್ತೇನಿ.